ಹತ್ತು ಪುಸ್ತಕ ಹೇಳಿದ್ರೂ ಸಾಕ್ಷಿ ಒಂದೇ

ನಮ್ಮ ಹಾವೇರಿ ಕಡೆ ಹುತಾತ್ಮರ ದಿನಾಚರಣೆ, ಜಯಂತಿ, ಸಾಲಿ ಶತಮಾನೋತ್ಸವ ಏನ ಇರ್ಲಿ, ಒಂದು ಸ್ಮರಣ ಸಂಚಿಕೆ ಬರಬೇಕು, ಅದರಾಗ ನಾಕು ಪುಟ ಜೀವನ ಚರಿತ್ರೆ ಇರಬೇಕು. ಆ ನಾಕು ಪುಟ ತಿದ್ದೋ ಕೆಲಸ ಬಹಳ ವರ್ಷದಿಂದ ನನ್ನ ಕೊಳ್ಳಿಗೆ ಬಿದ್ದೈತಿ. ಏನ ಕೇಳಿದ್ರೂ "ಎಲ್ಲಾ ಪುಸ್ತಕದಾಗೂ ಹಂಗ ಐತಲ್ರಿ ಸರ್" ಅಂತಾರ. ಅಲ್ಲೇ ಇರೋದು ಕಥಿ. ನಾನು ಆ ಎಲ್ಲಾ ಪುಸ್ತಕ ತರಿಸ್ಕೊಂಡು ಅಚ್ಚಾದ ವರ್ಷದ ಪ್ರಕಾರ ಸಾಲಾಗಿ ಇಡ್ತೀನಿ, ಒಂದ ವಾಕ್ಯ ಕಾಮಾ ಸಮೇತ ಎಲ್ಲಾದ್ರಾಗೂ ಬಂದಿದ್ರ ಅವು ಹತ್ತು ಸಾಕ್ಷಿ ಅಲ್ಲ, ಒಂದ ಸಾಕ್ಷಿ ಮತ್ತ ಒಂಬತ್ತು ಕಾಪಿ. ಆಮ್ಯಾಲ ಮೊದಲನೇ ಪುಸ್ತಕದವರಿಗೆ ಇದು ಎಲ್ಲಿಂದ ಸಿಕ್ತು ಅಂತ ನೋಡೋದು.

ಮೈಲಾರ ಮಹಾದೇವಪ್ಪನವರದ್ದ ತಗೊಳ್ರಿ. ಮೋಟೆಬೆನ್ನೂರಿನವರು, 1930ರ ದಂಡಿ ಯಾತ್ರೆಗೆ ಕರ್ನಾಟಕದಿಂದ ಹೋದ ಒಬ್ಬರೇ ಅಂತ ಎಲ್ಲಾರಿಗೂ ಗೊತ್ತು. ಆದ್ರ ಯಾತ್ರಿಗಳ ಪಟ್ಟಿ ತಗದು "ಮೈಲಾರ" ಅಂತ ಹುಡುಕಿದ್ರ ಹೆಸರ ಸಿಗೂದಿಲ್ಲ. ಒಬ್ಬ ಹುಡುಗ ಹಿಂಗ ಹುಡುಕಿ ಗಾಬರಿಯಾಗಿ ನನಗ ಫೋನ್ ಮಾಡಿದ್ದ. ಅಲ್ಲಿ ಇರೋದು ಮಹಾದೇವ ಮಾರ್ತಂಡ, ವಯಸ್ಸು 18. ಮಾರ್ತಂಡಪ್ಪ ಅವರ ಅಪ್ಪನ ಹೆಸರು. ಈ ಒಂದ ಸಾಲಿನಿಂದ ಎಷ್ಟು ಕೆಲಸ ಆಗ್ತದ ನೋಡ್ರಿ: ಹುಟ್ಟಿದ್ದು 1911ರ ಜೂನ್ 8 ಅಂದ್ರ 1930ರ ಮಾರ್ಚ್‌ನಾಗ 18 ತುಂಬಿರ್ತಾವು, ಅಂದ್ರ ಹುಟ್ಟಿದ ವರ್ಷಕ್ಕ ಪುಸ್ತಕ ಬಿಟ್ಟು ಬ್ಯಾರೆ ಕಡೆಯಿಂದ ಒಂದು ಆಧಾರ ಸಿಕ್ಕಂಗಾತು. ಅದ ಪಟ್ಟಿಯೊಳಗ 16 ವರ್ಷದ ವಿಠ್ಠಲ ಲೀಲಾಧರ ಠಕ್ಕರ್ ಅನ್ನೋ ಹುಡುಗ ಅದಾನ, ಹಂಗಾಗಿ ಯಾರರ ಭಾಷಣದಾಗ "ಎಲ್ಲಾರಕ್ಕಿಂತ ಸಣ್ಣವರು ನಮ್ಮ ಮಹಾದೇವಪ್ಪ" ಅಂದಿದ್ರ ಅದನ್ನ ಹೊಡದು ಹಾಕ್ತೀನಿ. ಹೊಸರಿತ್ತಿಯೊಳಗ 1943ರ ಏಪ್ರಿಲ್ 1ಕ್ಕ ಗುಂಡಿಗೆ ಎದೆ ಕೊಟ್ಟ ಮನುಷ್ಯಾಗ ಇಲ್ಲದ ದಾಖಲೆ ಯಾಕ ಬೇಕ್ರಿ?

ಈಗ ತಿರುಗಾಡೋ ಕೆಲವು ಪಟ್ಟಿಯೊಳಗ ಅವರ ಹೆಸರಿನ ಮುಂದ "ಮೈಸೂರು" ಅಂತ ಬರದಾರ. ಆಗ ಮೋಟೆಬೆನ್ನೂರು ಇದ್ದದ್ದು ಧಾರವಾಡ ಜಿಲ್ಲಾದಾಗ, ಮುಂಬೈ ಪ್ರಾಂತದೊಳಗ, ಮೈಸೂರಿಗೂ ಅದಕ್ಕೂ ಸಂಬಂಧನ ಇಲ್ಲ. ಹಾವೇರಿ ಜಿಲ್ಲಾ ಆಗಿದ್ದು 1997ಕ್ಕ, ಗದಗನೂ ಆವಾಗ. ಅದಕ್ಕ ಹಳೇ ಪುಸ್ತಕದಾಗ "ಧಾರವಾಡ ಜಿಲ್ಲೆ" ಅಂತ ಕಂಡ್ರ ಧಾರವಾಡ ಊರು ಅಂತ ತಿಳ್ಕೊಂಡು ಬರಿಯೋರು ರಗಡ ಮಂದಿ ಅದಾರ. ಯಾತ್ರಿಗಳ ಲೆಕ್ಕಾನೂ 78, 79, 80 ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರ, ಅದು ತಪ್ಪಲ್ಲ, ಗಾಂಧೀಜಿ ಬಿಟ್ಟು 78, ಹಿಡಿದು 79, ದಾರಿಯಾಗ ಇಬ್ರು ಕೂಡ್ಕೊಂಡ್ರು, ಹಂಗಾಗಿ ಗಾಂಧೀಜಿ ಬಿಟ್ಟು 80. ಯಾವ ಲೆಕ್ಕ ಅಂತ ಒಂದು ಮಾತು ಬರದ್ರ ಮುಗೀತು.

ಅಡ್ಡಹೆಸರು ನೋಡಿ ಹುಟ್ಟಿದೂರು ಬರಿಯೋದಂತೂ ಹಳೇ ರೋಗ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು ಧಾರವಾಡದಾಗ, ಗೋಕಾಕರು ಹುಟ್ಟಿದ್ದು ಸವಣೂರಾಗ.

ಶಿಶುನಾಳ ಶರೀಫಜ್ಜನ ಹುಟ್ಟಿದ ತಾರೀಖು ಮಾತ್ರ ನನ್ನ ತಲಿ ತಿಂದೈತಿ. ಕೆಲವರು ಮಾರ್ಚ್ 7 ಅಂತಾರ, ಕೆಲವರು ಜುಲೈ 3. ಅಂಕಿಯೊಳಗ ಬರದು ನೋಡ್ರಿ, 7-3, 3-7. ಯಾರೋ ಒಬ್ರು ದಿನ-ತಿಂಗಳು ಅದಲುಬದಲು ಓದಿರಬೇಕು ಅಂತ ನನಗ ಅನಸ್ತದ, ಆದ್ರ ಅನಿಸಿದ್ದನ್ನ ಪ್ರಿಂಟ್ ಮಾಡಾಕ ಬರೂದಿಲ್ಲ, ಹಂಗಾಗಿ ನಾನು ಕೈ ಹಾಕಿದ ಸಂಚಿಕೆಯೊಳಗ 1819-1889 ಅಂತ ವರ್ಷ ಅಷ್ಟ ಇರ್ತದ. ಸಂಘಟಕರಿಗೆ ಇದು ಸೇರೂದಿಲ್ಲ, ಅವರಿಗೆ ತಾರೀಖು ಬೇಕು, ಹಾರ ಹಾಕಾಕ.

ಮನಿಯೊಳಗಿನ ಹಳೇ ಕಾಗದ, ಕಲ್ಲಿನ ಮ್ಯಾಲಿನ ಬರಹ ಸಿಕ್ರ ಶಕವರ್ಷ ಇರ್ತದ, ಅದನ್ನ ಇಸವಿ ಮಾಡಾಕ ಎಲ್ಲಾರೂ ಕಣ್ಣು ಮುಚ್ಚಿ 78 ಕೂಡಿಸ್ತಾರ. ಪುಷ್ಯದ ಕೊನೀಗೆ, ಮಾಘ, ಫಾಲ್ಗುಣದಾಗ ಹೊಸ ಇಸವಿ ಶುರು ಆಗಿರ್ತದ, ಅಲ್ಲಿ 79 ಕೂಡಿಸಬೇಕು. ಶಕೆ 1810 ಫಾಲ್ಗುಣ ಅಂದ್ರ 1889, 1888 ಅಲ್ಲ. ಬಾಜೂಕ ಸಂವತ್ಸರ ಬರದಿದ್ರ ಅದನ್ನೂ ತಾಳೆ ನೋಡ್ರಿ, ಸರ್ವಧಾರಿ ಇರಬೇಕು, ಇಲ್ಲಂದ್ರ ಎಲ್ಲೋ ಒಂದು ಅಂಕಿ ಕೆಟ್ಟೈತಿ. ಸಂವತ್ಸರ 60 ವರ್ಷಕ್ಕ ತಿರುಗಿ ಬರ್ತದ, ಅದೊಂದನ್ನ ನಂಬಿ ಕೂತ್ರೂ ಮೋಸ.

ತಪ್ಪು ಹಿಡಿಯೋದು ಅರ್ಧಾ ಕೆಲಸ, ತಿದ್ದಿಸೋದು ಖರೇ ಕೆಲಸ. ಹಿರಿಯರ ಮುಂದ "ತಪ್ಪೈತ್ರಿ" ಅಂದ್ರ "ನಮ್ಮಪ್ಪ ಹೇಳಿದ್ದು ಸುಳ್ಳೇನೋ" ಅಂತ ಮಾರಿ ತಿರುವ್ತಾರ. ಅದಕ್ಕ ನಾನು ಝೆರಾಕ್ಸ್ ಒಯ್ದು ಕೈಯಾಗ ಕೊಟ್ಟು ಸುಮ್ಮನ ಕುಂಡ್ರತೀನಿ, ಅವರ ಓದಿ ಅವರ ಮಾತಾಡ್ಲಿ. ಇಷ್ಟೆಲ್ಲಾ ಆಗಿ ತಿದ್ದಿದ ಮ್ಯಾಲೂ ಮುಂದಿನ ವರ್ಷ ಅದ ತಪ್ಪು ವಾಪಸ್ ಬರ್ತಿತ್ತು, ಯಾಕಂದ್ರ ಪ್ರೆಸ್ಸಿನ ಡಿಟಿಪಿ ಹುಡುಗ ಯಾವುದೋ ಕಾಲದ ಫೈಲ್ ತಗದು ಬರೇ ಇಸವಿ ಬದಲಿ ಮಾಡಿ ಪ್ರಿಂಟಿಗೆ ಬಿಡ್ತಿದ್ದ. ಈಗ ಸಂಚಿಕೆ ಅಚ್ಚಾದ ದಿನಾನ ಪ್ರೆಸ್ಸಿಗೆ ಹೋಗಿ ಅವನ ಬಾಜೂಕ ಕುಂತು ಹಳೇ ಫೈಲ್ ಡಿಲೀಟ್ ಮಾಡಿಸ್ತೀನಿ, ಹೊಸದನ್ನ ಅದ ಹೆಸರಿನಾಗ ಸೇವ್ ಮಾಡಿಸಿ ಬರ್ತೀನಿ.