ಯಕ್ಷಗಾನ ಆಟದ ಡಿವಿಡಿಗಳು, ಹಳೇ ಆಫೀಸ್ ಪಿಸಿ, ಜೆಲ್ಲಿಫಿನ್: ನನ್ನ ಅನುಭವ

ನಮ್ಮ ಮನೆಯ ಟಿವಿಯಲ್ಲಿ ಈಗ ಯಕ್ಷಗಾನದ ಒಬ್ಬ ಭಾಗವತರ (ಹಾಡುಗಾರರ) ಹೆಸರು ಒತ್ತಿದರೆ ಅವರು ಹಾಡಿದ ಆಟಗಳೆಲ್ಲ ಸಾಲಾಗಿ ಬರುತ್ತವೆ. ವೇಷಧಾರಿಯ ಹೆಸರು ಒತ್ತಿದರೆ ಅವರ ವೇಷಗಳು. ಇದು ಆಗುವುದಿಲ್ಲ ಎಂದವರೇ ಜಾಸ್ತಿ ಇದ್ದರು, ಹಾಗಾಗಿ ಬರೆಯುತ್ತಿದ್ದೇನೆ. ಇದನ್ನು ಮಾಡುವುದು ಜೆಲ್ಲಿಫಿನ್, ಮನೆಯ ಡಿಸ್ಕಿನಲ್ಲಿರುವ ವಿಡಿಯೊಗಳನ್ನು ಟಿವಿಗೆ, ಫೋನಿಗೆ ಕಳಿಸುವ ಮೀಡಿಯಾ ಸರ್ವರ್ ಸಾಫ್ಟ್‌ವೇರ್.

ಸಾಮಾನು ಏನಿತ್ತು ಹೇಳುತ್ತೇನೆ. ಚಿಕ್ಕಪ್ಪನ ಕಾಲದ ವಿಎಚ್‌ಎಸ್ ಕ್ಯಾಸೆಟ್‌ಗಳು, ಹರಕೆ ಆಟದ ಡಿವಿಡಿ ಸೆಟ್‌ಗಳು, ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಪ್ರಸಂಗ) ಆಡಿಯೊ, ಮದುವೆ-ಮುಂಜಿ ವಿಡಿಯೊ. ಎಲ್ಲಾ ಸೇರಿ ಎರಡೂವರೆ ಟಿಬಿ ಹತ್ತಿರ. ಇದರಲ್ಲಿ ಸಿನಿಮಾ ಎಂಬುದು ತೀರಾ ಕಡಿಮೆ. ಮೀಡಿಯಾ ಸರ್ವರ್ ಆರಿಸುವಾಗ ಎಲ್ಲರೂ ಪೋಸ್ಟರ್ ಎಷ್ಟು ಚಂದ ಬರುತ್ತದೆ ಎಂದು ನೋಡುತ್ತಾರೆ. ನಾನು ನೋಡಿದ್ದು ಒಂದೇ: ಇಂಟರ್ನೆಟ್ಟಿನ ಯಾವ ಪಟ್ಟಿಯಲ್ಲೂ ಇಲ್ಲದ ನಮ್ಮ ವಿಡಿಯೊಗಳನ್ನು ಇದು ಹೇಗೆ ಇಟ್ಟುಕೊಳ್ಳುತ್ತದೆ?

ಮುಂಬೈಯ ಭಾವ ಶುರುವಿನಲ್ಲೇ ಹೇಳಿದರು, "ಎಂತಕ್ಕೆ ಮಾರಾಯ ಇಷ್ಟೆಲ್ಲ? ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದ್ರೆ ಮುಗೀಲಿಲ್ವಾ?" ಎಂಟು ಗಂಟೆಯ ಆಟದಲ್ಲಿ ನಿನ್ನೆ ಎಲ್ಲಿ ನಿಲ್ಲಿಸಿದ್ದೆವು ಅಂತ ಪೆನ್‌ಡ್ರೈವ್ ಹೇಳುತ್ತದಾ ಭಾವ ಎಂದು ಕೇಳಿದೆ. ಅವರು ನಂಬಲಿಲ್ಲ. ಮಣಿಪಾಲದ ಗೆಳೆಯನೊಬ್ಬ ಎರಡು ಡಿಸ್ಕ್ ಹಿಡಿಯುವ ರೆಡಿಮೇಡ್ ನಾಸ್ ಡಬ್ಬಿ (ಮನೆಯ ನೆಟ್‌ವರ್ಕಿನಲ್ಲಿ ಫೈಲ್ ಇಟ್ಟು ಹಂಚುವ ಪೆಟ್ಟಿಗೆ) ತೆಗೆದುಕೋ ಎಂದ. ಡಿಸ್ಕ್ ಬಿಟ್ಟು ಅದಕ್ಕೇ 25ರಿಂದ 30 ಸಾವಿರ ಹೇಳಿದರು. ಅಷ್ಟು ದುಡ್ಡಿಗೆ ಒಳಗಿನ ಪ್ರೊಸೆಸರ್ ನೋಡಿದರೆ ಮನಸ್ಸು ಬರಲಿಲ್ಲ.

ಮೊದಲು ಮನೆಯಲ್ಲಿದ್ದ ರಾಸ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರಿಗೆ ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ನೋಡಿದೆ. ಒಬ್ಬರು ನೋಡುವವರೆಗೆ ಚೆನ್ನಾಗಿತ್ತು. ಇಬ್ಬರು ಕೂತರೆ ಚಿತ್ರ ತಡೆತಡೆದು ಬರುತ್ತಿತ್ತು. ಅದಕ್ಕಿಂತ ದೊಡ್ಡ ತಲೆನೋವು ಕರೆಂಟಿನದು. ಏಪ್ರಿಲ್-ಮೇ ಗುಡುಗು ಶುರುವಾದ ಮೇಲೆ ವೋಲ್ಟೇಜ್ ಒಂದು ಸಲ ಕುಣಿದರೆ ಸಾಕು, ಯುಎಸ್‌ಬಿ ಡಿಸ್ಕ್ ಕಳಚಿಕೊಳ್ಳುತ್ತಿತ್ತು. ಲೈಬ್ರರಿ ಖಾಲಿ ಎಂದುಕೊಂಡು ಸರ್ವರ್ ಎಲ್ಲವನ್ನೂ ಅಳಿಸಿ ಹಾಕುತ್ತಿತ್ತು. ಫೈಲ್ ಹೋಗುವುದಿಲ್ಲ, ಆದರೆ ಎಲ್ಲಿವರೆಗೆ ನೋಡಿದ್ದೆವು ಎಂಬ ಗುರುತೆಲ್ಲ ಹೋಗುತ್ತಿತ್ತು. ಡಿಸ್ಕಿನ ಹೊರ ಡಬ್ಬಿ ಬದಲಿಸಿದೆ, ಕೇಬಲ್ ಬದಲಿಸಿದೆ, ಪವರ್ ಇರುವ ಹಬ್ ತಂದೆ. ಎರಡೂವರೆ ಸಾವಿರ ಅಲ್ಲೇ ಕರಗಿತು.

ಆಮೇಲೆ ಮಂಗಳೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ಸಿಕ್ಕಿತು. ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಹತ್ತು ಸಾವಿರದ ಆಸುಪಾಸು. ಬಿಚ್ಚಿ ನೋಡಿದರೆ ಡಿಸ್ಕ್ ಸಿಕ್ಕಿಸುವ ಸಾಟಾ ಕನೆಕ್ಟರ್ ಬುಡದಲ್ಲಿ ಹಸಿರು ಕಿಲುಬು, ರ‍್ಯಾಮಿನ ಬಂಗಾರದ ಹಲ್ಲುಗಳ ಮೇಲೆ ಮಬ್ಬು. ಸಮುದ್ರದ ಗಾಳಿಗೆ ಇದೆಲ್ಲ ಇಲ್ಲಿ ಮಾಮೂಲಿ. ಪೆನ್ಸಿಲ್ ರಬ್ಬರಿನಲ್ಲಿ ಹಲ್ಲು ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದ ಮೇಲೆ ಇವತ್ತಿನವರೆಗೂ ಒಂದು ತಕರಾರು ಮಾಡಿಲ್ಲ. ಈ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಎಂಪೆಗ್-2, ಎಚ್.264, ಹತ್ತು ಬಿಟ್ಟಿನ ಎಚ್‌ಇವಿಸಿ ಎಂಬ ವಿಡಿಯೊ ಫಾರ್ಮ್ಯಾಟ್‌ಗಳನ್ನೆಲ್ಲ ಬಿಚ್ಚುತ್ತದೆ. ಎವಿ1 ಮಾತ್ರ ಆಗುವುದಿಲ್ಲ. ನಮ್ಮ ಸಂಗ್ರಹದಲ್ಲಿ ಅದು ಇಲ್ಲವೂ ಇಲ್ಲ.

4 ಟಿಬಿ ಡಿಸ್ಕ್ ಎರಡು, ಸುಮಾರು 19 ಸಾವಿರ. ಸಿಸ್ಟಮ್‌ಗೆ ಸಣ್ಣ ಎಸ್‌ಎಸ್‌ಡಿ, ಎರಡು ಸಾವಿರ. ಯುಪಿಎಸ್ ಮೂರೂವರೆ. ಟಿವಿಗೆ ಆಂಡ್ರಾಯ್ಡ್ ಡಬ್ಬಿ ಇನ್ನೊಂದು ಮೂರು. ಪಿಸಿಯದ್ದೂ ಸೇರಿ 37-38 ಸಾವಿರ ಆಗಿರಬೇಕು. ಸುಮ್ಮನೆ ಇದ್ದಾಗ ಇಪ್ಪತ್ತು ಚಿಲ್ಲರೆ ವ್ಯಾಟ್ ಎಳೆಯುತ್ತದೆ, ತಿಂಗಳಿಗೆ ಹದಿನೈದು ಯೂನಿಟ್ ಹತ್ತಿರ. ಗೃಹಜ್ಯೋತಿಯ ಲೆಕ್ಕ ಮೀರುತ್ತದೋ ಏನೋ ಎಂದು ಅಪ್ಪ ಎರಡು ತಿಂಗಳು ಬಿಲ್ ಹಿಡಿದು ಕೂತಿದ್ದರು. ಮೀರಲಿಲ್ಲ.

ಪಿಸಿಯ ಮೇಲೆ ಓಪನ್‌ಮೀಡಿಯಾವಾಲ್ಟ್ ಹಾಕಿದೆ, ಅದು ಮಾಮೂಲಿ ಪಿಸಿಯನ್ನೇ ನಾಸ್ ಮಾಡುವ ಸಿಸ್ಟಮ್. ಅದರ ಬುಡ ಡೆಬಿಯನ್ ಲಿನಕ್ಸ್, ಹಾಗಾಗಿ ಏನೇ ಕೆಟ್ಟರೂ ಕೈಗೆ ಸಿಗುತ್ತದೆ. ರೈಡ್, ಅಂದರೆ ಎರಡು ಡಿಸ್ಕಿಗೂ ಒಟ್ಟಿಗೇ ಬರೆಯುವ ಜೋಡಣೆ, ಮಾಡಲಿಲ್ಲ. ಒಂದು ಡಿಸ್ಕಲ್ಲಿ ಮಾಲು, ಇನ್ನೊಂದಕ್ಕೆ ದಿನಾ ರಾತ್ರಿ ಆರ್‌ಸಿಂಕ್ ಎಂಬ ಸಾಫ್ಟ್‌ವೇರಿನಿಂದ ಕಾಪಿ. ರೈಡ್ ಇಲ್ಲದೆ ಎಂತ ನಾಸ್ ಎಂದು ಕೇಳಿದವರಿದ್ದಾರೆ. ಒಂದು ಫೋಲ್ಡರ್ ತಪ್ಪಿ ಅಳಿಸಿದರೆ ರೈಡ್ ಎರಡೂ ಕಡೆ ಅಳಿಸುತ್ತದೆ. ನನ್ನ ಆರ್‌ಸಿಂಕಿನಲ್ಲಿ ಅದು ಉಳಿಯುತ್ತದೆ, ಯಾಕೆಂದರೆ ಅಳಿಸುವ ಆಯ್ಕೆಯನ್ನೇ ಕೊಟ್ಟಿಲ್ಲ.

ಈಗ ಸಾಫ್ಟ್‌ವೇರ್ ವಿಷಯ. ಪ್ಲೆಕ್ಸ್ ಎಂಬ ಮೀಡಿಯಾ ಸರ್ವರಿನಲ್ಲಿ ಹಾರ್ಡ್‌ವೇರ್ ಟ್ರಾನ್ಸ್‌ಕೋಡ್ (ನೋಡುವಾಗಲೇ ವಿಡಿಯೊವನ್ನು ಬೇರೆ ಫಾರ್ಮ್ಯಾಟಿಗೆ ಬದಲಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಕೊಡುವುದು) ಬೇಕಾದರೆ ದುಡ್ಡಿನ ಪಾಸ್ ಬೇಕು. 2025ರ ಏಪ್ರಿಲ್ ಕೊನೆಗೆ ಅದರ ಲೈಫ್‌ಟೈಮ್ ಪಾಸ್ 120 ಡಾಲರಿಂದ 250 ಡಾಲರಿಗೆ ಏರಿತು, ಹೊರಗಿನಿಂದ ಸ್ವಂತ ವಿಡಿಯೊ ನೋಡುವುದಕ್ಕೂ ದುಡ್ಡು ಶುರುವಾಯಿತು. 250 ಡಾಲರ್ ಎಂದರೆ ನನ್ನ ಎರಡು ಡಿಸ್ಕಿನ ಬೆಲೆಗಿಂತ ಜಾಸ್ತಿ. ಎಂಬಿ (Emby) ಎಂಬ ಇನ್ನೊಂದು ಸರ್ವರಿನಲ್ಲೂ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಗೆ ಪ್ರೀಮಿಯರ್ ಎಂಬ ದುಡ್ಡಿನ ಪಾಸ್ ಬೇಕು. ಎಂಬಿ ತನ್ನ ಕೋಡ್ ಮುಚ್ಚಿದಾಗ 2018ರ ಡಿಸೆಂಬರಿನಲ್ಲಿ ಅದರ 3.5.2ನೇ ಆವೃತ್ತಿಯಿಂದ ಕವಲೊಡೆದದ್ದೇ ಜೆಲ್ಲಿಫಿನ್. ಅದರಲ್ಲಿ ಎಲ್ಲವೂ ಉಚಿತ, ಲಾಗಿನ್‌ಗೆ ಹೊರಗಿನ ಅಕೌಂಟ್ ಬೇಡ. ನಾನು ಅದಕ್ಕೂ ಮೊದಲು ಹಾಕಿ ನೋಡಿದ ಒಂದು ಸಾಫ್ಟ್‌ವೇರ್, ಹೆಸರು ಬೇಡ, ಮಳೆಗಾಲದಲ್ಲಿ ನೆಟ್ ಹೋದಾಗ ಪಕ್ಕದ ಕೋಣೆಯ ಡಿಸ್ಕಿನಲ್ಲಿದ್ದ ವಿಡಿಯೊ ತೋರಿಸಲೂ ತಕರಾರು ಮಾಡಿತು. ಅವತ್ತೇ ತೆಗೆದೆ.

ಡಾಕರಿನಲ್ಲಿ (ಸಾಫ್ಟ್‌ವೇರನ್ನು ಉಳಿದದ್ದರಿಂದ ಬೇರೆಯಾಗಿ ಓಡಿಸುವ ವ್ಯವಸ್ಥೆ) ಜೆಲ್ಲಿಫಿನ್ ಏರಿಸುವುದು ಹತ್ತು ನಿಮಿಷದ ಕೆಲಸ. ಕ್ವಿಕ್ ಸಿಂಕ್ (ಇಂಟೆಲ್ ಗ್ರಾಫಿಕ್ಸಿನ ಟ್ರಾನ್ಸ್‌ಕೋಡ್ ಸೌಲಭ್ಯ) ಏಳಲಿಲ್ಲ ಎಂದರೆ ಮೊದಲು ಗ್ರಾಫಿಕ್ಸ್ ಬಳಸಲು ಅನುಮತಿ ಕೊಡುವ ರೆಂಡರ್ ಗ್ರೂಪಿನ ನಂಬರ್ ನೋಡಿ. ನಿಮ್ಮ ಪಿಸಿಯಲ್ಲಿ ಇರುವ ನಂಬರನ್ನೇ ಡಾಕರಿನ ಸೆಟ್ಟಿಂಗ್ ಬರೆಯುವ ಕಂಪೋಸ್ ಫೈಲಿನಲ್ಲಿ ಕೊಡಬೇಕು. ಬೇರೆಯವರ ಫೈಲಿನಿಂದ ಎತ್ತಿದ ನಂಬರ್ ನಡೆಯುವುದಿಲ್ಲ. ಜೆಲ್ಲಿಫಿನ್ ತನ್ನ ಸೆಟ್ಟಿಂಗ್, ಡೇಟಾಬೇಸ್ ಇಡುವ ಕಾನ್ಫಿಗ್ ಫೋಲ್ಡರ್ ಎಸ್‌ಎಸ್‌ಡಿಯಲ್ಲೇ ಇರಲಿ.

ನಿಜವಾದ ಕೆಲಸ ಇದ್ದದ್ದು ಹೆಸರುಗಳಲ್ಲಿ. ಮೊದಲ ಸ್ಕ್ಯಾನ್ ಮುಗಿದಾಗ ಪ್ರಸಂಗಗಳ ಮೇಲೆಲ್ಲ ಯಾವ್ಯಾವುದೋ ದೇಶದ ಸಿನಿಮಾಗಳ ಪೋಸ್ಟರ್. ದೇವಿಯ ಪ್ರಸಂಗವೊಂದಕ್ಕೆ ಪಿಸ್ತೂಲು ಹಿಡಿದವನ ಚಿತ್ರ ನೋಡಿ ಅಮ್ಮ ಟಿವಿ ಆಫ್ ಮಾಡಿದರು. "ನಿನ್ನ ಈ ಡಬ್ಬಿ ನಮ್ಮ ಆಟಕ್ಕೆ ಆಗುವುದಲ್ಲ" ಎಂದು ತೀರ್ಪೂ ಕೊಟ್ಟರು. ಹೋಮ್ ವಿಡಿಯೊ ಎಂಬ ಲೈಬ್ರರಿ ಮಾಡಿದರೆ ಪೋಸ್ಟರ್ ಕಾಟ ತಪ್ಪುತ್ತದೆ, ಆದರೆ ಆಗ ಕಲಾವಿದರ ಹೆಸರೂ ಇಲ್ಲ. ಅದಕ್ಕೆ ಸಿನಿಮಾ ಲೈಬ್ರರಿಯನ್ನೇ ಮಾಡಿ, ಇಂಟರ್ನೆಟ್ಟಿನಿಂದ ಮಾಹಿತಿ ತರುವ ಎಲ್ಲಾ ಟಿಕ್ ತೆಗೆದು, ಪ್ರತಿ ಆಟಕ್ಕೂ ಒಂದು ಎನ್‌ಎಫ್‌ಒ ಫೈಲ್ (ವಿಡಿಯೊದ ವಿವರ ಇರುವ ಪಠ್ಯ ಫೈಲ್) ನಾನೇ ಬರೆದೆ.

ನಿರ್ದೇಶಕರ ಜಾಗದಲ್ಲಿ ಭಾಗವತರು. ಯಕ್ಷಗಾನದಲ್ಲಿ ರಂಗವನ್ನು ನಡೆಸುವವರು ಅವರೇ ಅಲ್ವಾ? ನಟರ ಜಾಗದಲ್ಲಿ ವೇಷಧಾರಿಗಳು, ಪಕ್ಕದಲ್ಲಿ ಪಾತ್ರದ ಹೆಸರು. ಸ್ಟುಡಿಯೊ ಇದ್ದಲ್ಲಿ ಮೇಳ. ಪ್ರಕಾರ ಇದ್ದಲ್ಲಿ ತೆಂಕು, ಬಡಗು ಎಂಬ ಯಕ್ಷಗಾನದ ತಿಟ್ಟುಗಳು. ಚೆಂಡೆ-ಮದ್ದಳೆಯವರನ್ನು ಎಲ್ಲಿ ಹಾಕುವುದು ಎಂದು ಬಹಳ ಯೋಚಿಸಿ, ಒಂದು ದಾರಿ ಹುಡುಕಿದ್ದೇನೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಒಬ್ಬರ ಹೆಸರನ್ನು ಮೂರು ರೀತಿ ಬರೆದರೆ ಮೂರು ಜನ ಆಗುತ್ತಾರೆ, ಹಾಗಾಗಿ ಒಂದು ಶೀಟಿನಲ್ಲಿ ಹೆಸರಿನ ಪಟ್ಟಿ ಇಟ್ಟು ಅಲ್ಲಿಂದಲೇ ಕಾಪಿ ಮಾಡಿ. ಇನ್ನೊಂದು, ಪಕ್ಕದ ಅಕ್ಷರಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ ಇರುವುದು. ತೋರಿಸುವ ಹೆಸರು ಕನ್ನಡದಲ್ಲಿ ಇಟ್ಟು, ಸಾರ್ಟ್ ಟೈಟಲ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟರೆ ಅದೂ ಸರಿಹೋಗುತ್ತದೆ. ಕೊನೆಗೆ ಈ ವಿವರಗಳು ಬದಲಾಗದ ಹಾಗೆ ಲಾಕ್ ಮಾಡಿ.

ಡಿವಿಡಿಗಳದ್ದು ಬೇರೆಯೇ ಕಥೆ. ಒಂದು ಇಡೀ ರಾತ್ರಿಯ ಆಟ ಐದಾರು ಡಿಸ್ಕಿನಲ್ಲಿ, ಪ್ರತಿ ಡಿಸ್ಕೂ ಒಂದೊಂದು ಜಿಬಿಯ ತುಂಡುಗಳಲ್ಲಿ. ಅವನ್ನೆಲ್ಲ ಮರು ಎನ್‌ಕೋಡ್ ಮಾಡದೆ ಒಂದೇ ಎಂಕೆವಿ ವಿಡಿಯೊ ಫೈಲ್ ಮಾಡಿದೆ, 25 ಜಿಬಿ ಹತ್ತಿರ ಬರುತ್ತದೆ. ಅದಕ್ಕೆ ಚಾಪ್ಟರ್ ಹಾಕಿದೆ: ಪೂರ್ವರಂಗ, ಒಡ್ಡೋಲಗ, ಬಣ್ಣದ ವೇಷದ ಪ್ರವೇಶ, ಮಂಗಳ. ಈಗ ಅಜ್ಜಿ ನೇರವಾಗಿ ಬಣ್ಣದ ವೇಷಕ್ಕೆ ಹಾರುತ್ತಾರೆ. ಹಳೇ ಡಿವಿಡಿಯೆಲ್ಲ ಇಂಟರ್‌ಲೇಸ್ ಆದದ್ದು, ಅಂದರೆ ಒಂದು ಫ್ರೇಮನ್ನು ಗೆರೆ ಬಿಟ್ಟು ಗೆರೆ ಎರಡು ಭಾಗ ಮಾಡಿ ಹಿಡಿದದ್ದು. ವೇಷ ಗಿರಕಿ ಹೊಡೆಯುವಾಗ ಕಿರೀಟದ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು ಏಳುತ್ತವೆ. ಸೆಟ್ಟಿಂಗ್‌ನಲ್ಲಿ ಡಿಇಂಟರ್‌ಲೇಸ್ ಜತೆಗೆ ಫ್ರೇಮ್ ದುಪ್ಪಟ್ಟು ಮಾಡುವ ಆಯ್ಕೆ ಇದೆ, ಅದನ್ನು ಕೊಡಿ. 25 ಫ್ರೇಮಿನ ಜಾಗದಲ್ಲಿ 50 ಆದಾಗ ಹಾರಿ ಸುತ್ತುವ ದಿಗಿಣದ ವೇಗ ಕಣ್ಣಿಗೆ ಸರಿಯಾಗಿ ಕೂರುತ್ತದೆ. ಇದನ್ನು ಒಮ್ಮೆ ನೋಡಿದ ಮೇಲೆ ಮಣಿಪಾಲದ ಗೆಳೆಯ ಬಾಯಿ ಮುಚ್ಚಿದ.

ಬೂಸ್ಟು ಹಿಡಿದ ಕ್ಯಾಸೆಟ್‌ಗಳನ್ನು ಪತ್ತನಾಜೆ (ತುಳುನಾಡಿನಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಬಿಡುವಿನಲ್ಲಿ ಕೈಗೆತ್ತಿಕೊಂಡೆ. ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ಹೆಡ್ ಹೋಗುತ್ತದೆ. ನಾನು ಒಣಗಿಸಿ ಒರೆಸುವ ಕ್ರಮ ಇಲ್ಲಿ ಬರೆಯುವುದಿಲ್ಲ, ಇನ್ನೂ ಕೆಲವು ಕ್ಯಾಸೆಟ್‌ಗಳಲ್ಲಿ ನೋಡಬೇಕು.

ತಾಳಮದ್ದಳೆಯನ್ನು ಮೊದಲು ಮ್ಯೂಸಿಕ್ ಲೈಬ್ರರಿಗೆ ಹಾಕಿದ್ದೆ. ಮೂರು ಗಂಟೆಯ ಅರ್ಥಗಾರಿಕೆ, ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಮೊದಲಿಂದ. ಸುಮ್ನೆ ಪ್ರಯೋಗಕ್ಕೆ ಎಂದು ಪುಸ್ತಕದ ಲೈಬ್ರರಿ ಮಾಡಿ ಆಡಿಯೊಬುಕ್ ಹಾಗೆ ಇಟ್ಟೆ. ಬಿಟ್ಟಲ್ಲಿಂದಲೇ ಶುರುವಾಗುತ್ತದೆ! ಈಗ ಅಪ್ಪ ಫೋನಿನಲ್ಲಿ ದಿನಾ ಬೆಳಿಗ್ಗೆ ಅರ್ಧ ಗಂಟೆ ಕೇಳುತ್ತಾರೆ.

ವಿಡಿಯೊ ಮುಂದೆ-ಹಿಂದೆ ಓಡಿಸುವಾಗ ಸಣ್ಣ ಚಿತ್ರ ತೋರಿಸುವ ಟ್ರಿಕ್‌ಪ್ಲೇ ಆನ್ ಮಾಡಿ ನೋಡಿದೆ, ಆಮೇಲೆ ಆಫ್ ಮಾಡಿದೆ. ಹತ್ತು ಸೆಕೆಂಡಿಗೊಂದು ಚಿತ್ರ ಎಂದರೆ ಎಂಟು ಗಂಟೆಯ ಆಟಕ್ಕೆ 2880 ಚಿತ್ರ. ಚಾಪ್ಟರ್ ಇರುವಾಗ ಅದು ಬೇಡ.

ಇದನ್ನೇ ಮುಂಬೈಯ ಅಕ್ಕ-ಭಾವನ ಮನೆಗೂ ಕೊಡುವುದು ಕಷ್ಟ ಎಂದಿದ್ದರು. ನಮ್ಮ ನೆಟ್‌ಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪುವ ವಿಳಾಸ) ಇಲ್ಲ, ಹಾಗಾಗಿ ಪೋರ್ಟ್ ತೆರೆದು ಹೊರಗಿನವರನ್ನು ಒಳಗೆ ಬಿಡುವ ಮಾತೇ ಇಲ್ಲ. ದೂರದ ಸಾಧನಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ಟೇಲ್‌ಸ್ಕೇಲ್ ಹಾಕಿದೆ, ಅಕ್ಕನ ಟಿವಿ ಡಬ್ಬಿಯಲ್ಲೂ ಹಾಕಿಸಿದೆ. ಬಿಟ್‌ರೇಟ್ ಮೂರು ಎಂಬಿಪಿಎಸ್‌ಗೆ ಕಟ್ಟಿದರೆ ಸಾಕು, ಹಳೇ ಡಿವಿಡಿಗೆ ಅದಕ್ಕಿಂತ ಜಾಸ್ತಿ ಕೊಟ್ಟು ಪ್ರಯೋಜನವೂ ಇಲ್ಲ. ಭಾವ ತಮ್ಮ ಮದುವೆಯ ವಿಡಿಯೊ ಅಲ್ಲಿ ಕೂತು ನೋಡಿದರು. ಪೆನ್‌ಡ್ರೈವಿನ ಮಾತು ಮತ್ತೆ ಬರಲಿಲ್ಲ. ಈಗ ಅವರ ಮನೆಯಲ್ಲೂ ಒಂದು ಡಿಸ್ಕ್ ಇಟ್ಟು, ಆಟದ ಫೋಲ್ಡರ್ ಮಾತ್ರ ಅಲ್ಲಿಗೆ ಕಾಪಿ ಮಾಡುವ ಏರ್ಪಾಡು ನಡೆಯುತ್ತಿದೆ, ಡಿಸ್ಕಿನ ದುಡ್ಡು ಅವರದ್ದೇ.

ಜೆಲ್ಲಿಫಿನ್‌ನ ಹಳೇ 10.10ನೇ ಆವೃತ್ತಿಯಿಂದ 10.11ಕ್ಕೆ ಹೋಗುವವರು ಕಾನ್ಫಿಗ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ಟುಕೊಂಡೇ ಹೋಗಿ. ಡೇಟಾಬೇಸನ್ನೇ ಬದಲಿಸುತ್ತದೆ, ಹಿಂದೆ ಬರಲು ಆ ಕಾಪಿ ಒಂದೇ ದಾರಿ. ನನ್ನದು ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ಆಗಿತ್ತು. ಎನ್‌ಎಫ್‌ಒ ಎಲ್ಲಾ ವಿಡಿಯೊ ಪಕ್ಕದಲ್ಲೇ ಇರುವುದರಿಂದ, ನಾಳೆ ಜೆಲ್ಲಿಫಿನ್ ಬಿಟ್ಟು ಬೇರೆ ಹಾಕಿದರೂ ಹೆಸರುಗಳು ಉಳಿಯುತ್ತವೆ.