ಗಿಮ್ಲೆಟ್‌ನ ಜೀವ ನಿಂಬೆಯ ಸಿಪ್ಪೆಯಲ್ಲಿದೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಹೋಂಸ್ಟೇಗಳಲ್ಲೂ ತೋಟದ ಮನೆಗಳಲ್ಲೂ ಗಿಮ್ಲೆಟ್ ಎಂದು ಕೈಗೆ ಕೊಡುವ ಲೋಟಗಳಲ್ಲಿ ಹೆಚ್ಚಿನವು ಗಿಮ್ಲೆಟ್ ಅಲ್ಲ. ಜಿನ್ ಸುರಿಯುತ್ತಾರೆ, ಅರ್ಧ ನಿಂಬೆ ಹಿಂಡುತ್ತಾರೆ, ಎರಡು ಚಮಚ ಸಕ್ಕರೆ ಹಾಕುತ್ತಾರೆ, ಉಳಿದ ಜಾಗಕ್ಕೆ ನಿಂಬೆ ರುಚಿಯ ತಂಪು ಪಾನೀಯ ತುಂಬುತ್ತಾರೆ. ತಣ್ಣಗಿನ ಜಿನ್‌ನಲ್ಲಿ ಸಕ್ಕರೆ ಸರಿಯಾಗಿ ಕರಗುವುದಿಲ್ಲ. ಮೊದಲ ಗುಟುಕು ಹಲ್ಲು ಚುಳ್ಳೆನ್ನುವಷ್ಟು ಹುಳಿ, ಕೊನೆಯದು ಬರೀ ಪಾಕ. ಹಿತ್ತಿಲಲ್ಲೇ ನಿಂಬೆಗಿಡ ಇರುವ ಊರುಗಳಲ್ಲಿ ಹೀಗಾಗುವುದನ್ನು ನೋಡಿ ನೋಡಿ ಬೇಸತ್ತು ಈ ಲೇಖನ ಬರೆಯುತ್ತಿದ್ದೇನೆ.

ಗಿಮ್ಲೆಟ್ ಎಂದರೆ ಜಿನ್ ಮತ್ತು ಲೈಮ್ ಕಾರ್ಡಿಯಲ್. ಕಾರ್ಡಿಯಲ್ ಎಂದರೆ ಸಕ್ಕರೆಯಲ್ಲಿ ಕಾಪಿಟ್ಟ ನಿಂಬೆ. ತಾಜಾ ನಿಂಬೆರಸವೊಂದೇ ಶ್ರೇಷ್ಠ, ಕಾರ್ಡಿಯಲ್ ಸೋಮಾರಿಗಳದ್ದು ಎಂದು ವಾದಿಸುವವರಿದ್ದಾರೆ. ಅವರ ಮಾತು ಇಲ್ಲಿ ಸಲ್ಲದು. ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲನ್ ರೋಸ್ ಮದ್ಯ ಬೆರೆಸದೆಯೇ ನಿಂಬೆರಸ ಕೆಡದಂತೆ ಇಡುವ ವಿಧಾನಕ್ಕೆ 1867ರಲ್ಲಿ ಪೇಟೆಂಟ್ ಪಡೆದರು. ಅದೇ ವರ್ಷ ಬ್ರಿಟನ್ನಿನ ಕಾನೂನು, ಸ್ಕರ್ವಿ ರೋಗ ತಡೆಯಲು ವ್ಯಾಪಾರಿ ಹಡಗುಗಳ ನಾವಿಕರಿಗೆ ನಿಂಬೆರಸ ಕೊಡುವುದನ್ನು ಕಡ್ಡಾಯ ಮಾಡಿತು. ಸಿಹಿ ಬೆರೆತ ಆ ರಸ ಜಿನ್‌ನ ಜೊತೆ ಸೇರಿ ಗಿಮ್ಲೆಟ್ ಆಯಿತು. ಬರೀ ರಸ, ಸಕ್ಕರೆ, ಜಿನ್ ಕಲಸಿದರೆ ಅದು ಜಿನ್ ಸೋರ್. ಅದೂ ಒಳ್ಳೆಯ ಪಾನೀಯವೇ, ಆದರೆ ಬೇರೆಯದು. ಕಾರ್ಡಿಯಲ್‌ನಲ್ಲಿ ರಸದ ಹುಳಿಯ ಜೊತೆಗೆ ಸಿಪ್ಪೆಯ ಎಣ್ಣೆಯ ಘಮವೂ ಇರಬೇಕು. ಗಿಮ್ಲೆಟ್ ನಿಂತಿರುವುದೇ ಅದರ ಮೇಲೆ.

ಹಾಗೆಂದು ಅಂಗಡಿಯ ಹಸಿರು ಬಾಟಲಿ ತರಬೇಡಿ. ಅದರ ಹಿಂದಿನ ಚೀಟಿ ಓದಿ. ಸಕ್ಕರೆ, ನೀರು, ಕೃತಕ ಬಣ್ಣ, ಎಸೆನ್ಸ್ ಎಲ್ಲ ಮುಗಿದ ಮೇಲೆ ನಿಂಬೆಯ ಹೆಸರು ಬಂದರೆ ಬಾಟಲಿಯನ್ನು ಅಲ್ಲೇ ಇಟ್ಟುಬಿಡಿ. ಮನೆಯಲ್ಲಿ ಮಾಡಲು ಒಲೆ ಹಚ್ಚುವ ಕೆಲಸವೂ ಇಲ್ಲ.

ಕಾರ್ಡಿಯಲ್: ಹಿಂದಿನ ದಿನದ ಕೆಲಸ

ಎಂಟು ನಿಂಬೆಹಣ್ಣು, 100 ಗ್ರಾಂ ಬಿಳಿ ಸಕ್ಕರೆ ಸಾಕು. ಸುಮಾರು 160 ಮಿಲಿಲೀಟರ್ ಕಾರ್ಡಿಯಲ್ ಸಿಗುತ್ತದೆ, ಎಂಟು ಲೋಟಕ್ಕೆ ಆಗುತ್ತದೆ. ಬೆಲ್ಲ ಬೇಡ, ಜೇನುತುಪ್ಪವೂ ಬೇಡ. ಮಲೆನಾಡಿನ ಜೇನಿನ ಬಗ್ಗೆ ನನಗೆ ಎಷ್ಟೇ ಪ್ರೀತಿಯಿದ್ದರೂ ಅದು ನಿಂಬೆಯ ಘಮವನ್ನು ನುಂಗಿಹಾಕುತ್ತದೆ.

ಹಣ್ಣು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಪೂರ್ತಿ ಹಳದಿಯಾದ ಹಣ್ಣಿನಲ್ಲಿ ರಸ ಹೆಚ್ಚಿರಬಹುದು, ಆದರೆ ನಮಗೆ ಬೇಕಾದ ಚುರುಕು ಘಮ ಹಸಿರು ಮಾಸುತ್ತಿರುವ ಹಣ್ಣಿನ ಸಿಪ್ಪೆಯಲ್ಲಿದೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಕೊಳ್ಳುವುದಾದರೆ ಗುಡ್ಡೆಯಿಂದ ನೀವೇ ಆರಿಸಿ. ಉಗುರಿನಿಂದ ಮೆಲ್ಲಗೆ ಗೀರಿ ಮೂಸಿ. ಘಮ ಮೂಗಿಗೆ ಹೊಡೆಯದಿದ್ದರೆ ಆ ಹಣ್ಣು ಬೇಡ. ಗಜನಿಂಬೆಯ ದಪ್ಪ ಸಿಪ್ಪೆ ನೋಡಿ ಆಸೆಪಡುವವರು ಬಹಳ. ಅದರ ಘಮವೇ ಬೇರೆ, ಗಿಮ್ಲೆಟ್‌ಗೆ ಹೊಂದುವುದಿಲ್ಲ. ಹೇರಳೆಕಾಯಿ ಚಿತ್ರಾನ್ನಕ್ಕೇ ಇರಲಿ.

ಹಣ್ಣನ್ನು ಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು ಒರೆಸಿ. ಕತ್ತರಿಸುವ ಮೊದಲೇ ಸಿಪ್ಪೆ ತೆಗೆಯಬೇಕು. ಇಲ್ಲೇ ಎಲ್ಲರೂ ಎಡವುತ್ತಾರೆ. ನಮ್ಮ ನಿಂಬೆಯ ಸಿಪ್ಪೆ ತೀರಾ ತೆಳು. ಪೀಲರನ್ನು ಒತ್ತಿ ಎಳೆದರೆ ಒಳಗಿನ ಬಿಳಿ ಭಾಗವೂ ಕಿತ್ತುಬರುತ್ತದೆ, ಕಾರ್ಡಿಯಲ್ ಕಹಿಯಾಗುತ್ತದೆ. ಆ ಕಹಿಯನ್ನು ಎಷ್ಟು ಸಕ್ಕರೆ ಹಾಕಿದರೂ ಮುಚ್ಚಲಾಗದು. ಹರಿತವಾದ ಪೀಲರ್ ಹಿಡಿದು, ಒತ್ತಡವೇ ಇಲ್ಲದಂತೆ, ತೊಟ್ಟಿನಿಂದ ತುದಿಗೆ ಸಣ್ಣ ಸಣ್ಣ ಪಟ್ಟಿಗಳಾಗಿ ಹೆರೆಯಿರಿ. ಪಟ್ಟಿಯನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲೂ ಹಸಿರು ಕಾಣುತ್ತಿದ್ದರೆ ಸರಿ. ಬೆಳ್ಳಗಿದ್ದರೆ ಹಲಗೆಯ ಮೇಲಿಟ್ಟು ಚಾಕುವಿನಿಂದ ಬಿಳಿಯನ್ನು ಕೆರೆದುಬಿಡಿ. ಸಣ್ಣ ಕಣ್ಣಿನ ತುರಿಯುವ ಮಣೆಯನ್ನೂ ಬಳಸಬಹುದು. ಒಂದೇ ಜಾಗದಲ್ಲಿ ಎರಡನೇ ಸಲ ಉಜ್ಜದಿದ್ದರಾಯಿತು. ಎಂಟೂ ಹಣ್ಣು ಮುಗಿಯುವವರೆಗೆ ಈ ತಾಳ್ಮೆ ಬೇಕು.

ಸಿಪ್ಪೆಯನ್ನು ಗಾಜಿನ ಅಥವಾ ಪಿಂಗಾಣಿ ಬಟ್ಟಲಿಗೆ ಹಾಕಿ, ಮೇಲೆ ಸಕ್ಕರೆ ಸುರಿದು, ಬೆರಳ ತುದಿಯಿಂದ ಎರಡು ಮೂರು ನಿಮಿಷ ಚೆನ್ನಾಗಿ ತಿಕ್ಕಿ. ಸಕ್ಕರೆ ಒದ್ದೆಯಾಗಿ ತುಸು ಹಸಿರಾಗುತ್ತದೆ, ಅಡುಗೆಮನೆ ತುಂಬ ಪರಿಮಳ ಹರಡುತ್ತದೆ. ಮುಚ್ಚಿ ರಾತ್ರಿಯಿಡೀ ಬಿಡಿ. ಉಪ್ಪಿನಕಾಯಿಗೆ ಹೆಚ್ಚಿದ ನಿಂಬೆಯಿಂದ ಉಪ್ಪು ನೀರೆಳೆಯುವ ಹಾಗೆ ಇಲ್ಲಿ ಸಕ್ಕರೆ ಸಿಪ್ಪೆಯ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಅವಸರವಿದ್ದರೆ ನಾಲ್ಕು ಗಂಟೆ. ಅದಕ್ಕಿಂತ ಕಡಿಮೆ ಬಿಡುವುದಾದರೆ ಮಾಡಲೇಬೇಡಿ. ಸಿಪ್ಪೆ ತೆಗೆದ ಹಣ್ಣು ಬೇಗ ಒಣಗುತ್ತದೆ, ಅದನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ.

ಮರುದಿನ ಆ ಹಣ್ಣುಗಳನ್ನು ಹಿಂಡಿ 100 ಮಿಲಿಲೀಟರ್ ರಸ ಅಳೆದುಕೊಳ್ಳಿ. ಕಡಿಮೆ ಬಿದ್ದರೆ ಇನ್ನೊಂದು ಹಣ್ಣು ಸೇರಿಸಿ. ಕೊನೆಯ ಹನಿಗಾಗಿ ಹೋಳನ್ನು ನುಜ್ಜುಗುಜ್ಜು ಮಾಡಬೇಡಿ, ಕಹಿ ಅಲ್ಲಿಂದಲೂ ಇಳಿಯುತ್ತದೆ. ರಸವನ್ನು ಸಕ್ಕರೆಗೆ ಸುರಿದು, ಪೂರ್ತಿ ಕರಗುವವರೆಗೆ ಚಮಚದಿಂದ ತಿರುವಿ. ಹತ್ತು ನಿಮಿಷ ಹಿಡಿಯಬಹುದು. ಬೇಗ ಕರಗಲೆಂದು ಒಲೆಯ ಮೇಲಿಡುವ ಅಡ್ಡದಾರಿಯೇ ಬೇಡ: ಕುದಿಸಿದ ನಿಂಬೆರಸಕ್ಕೆ ಬೆಂದ ವಾಸನೆ ಬರುತ್ತದೆ, ರಾತ್ರಿಯಿಡೀ ಕಾದು ಪಡೆದ ಘಮ ಹಬೆಯ ಜೊತೆ ಹೋಗುತ್ತದೆ. ಚಿಟಿಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಹಾಕಿದರೆ ಹುಳಿ ಇನ್ನಷ್ಟು ಚುರುಕಾಗುತ್ತದೆ. ರಸದ ಬದಲಿಗೆ ಅದನ್ನೇ ಹಾಕುವುದು ಮೋಸ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಹತ್ತಿರ ತರಬೇಡಿ, ಹುಳಿಗೆ ಅವು ಕಿಲುಬು ಬಿಡುತ್ತವೆ. ಸೋಸಿ, ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ಹತ್ತು ದಿನದೊಳಗೆ ಮುಗಿಸಿ. ಗುಳ್ಳೆ ಕಂಡರೆ ಹುದುಗು ಬಂದಿದೆ ಎಂದರ್ಥ, ಚೆಲ್ಲಿಬಿಡಿ.

ಜಿನ್

ಲಂಡನ್ ಡ್ರೈ ಎಂದು ಬರೆದಿರುವುದನ್ನೇ ಕೊಳ್ಳಿ. ಅದು ಲಂಡನ್ನಿನಲ್ಲಿ ಆಗಿರಬೇಕೆಂದಿಲ್ಲ. ಜಿನ್‌ಗೆ ಅದರ ಘಮ ಕೊಡುವ ಜುನಿಪರ್ ಎಂಬ ಕಾಯಿಯ ರುಚಿ ಮುಂದಾಗಿರುವ, ಭಟ್ಟಿ ಇಳಿಸಿದ ಮೇಲೆ ರುಚಿ ಬಣ್ಣ ಬೆರೆಸದ ಬಗೆಯ ಹೆಸರು ಅದು. ಗುಲಾಬಿ ಬಣ್ಣದ್ದು, ಮೊದಲೇ ನಿಂಬೆ ರುಚಿ ಸೇರಿಸಿದ್ದು ಬೇಡ. ಏಲಕ್ಕಿ, ಮೆಣಸು ಜಜ್ಜಿ ಹಾಕಿ ‘ಮಲೆನಾಡು ಗಿಮ್ಲೆಟ್’ ಮಾಡುವ ಹುರುಪು ಈಗ ಕಾಣುತ್ತಿದೆ. ಜುನಿಪರ್ ಜೊತೆಗೆ ಕೊತ್ತಂಬರಿ ಬೀಜ ಸಾಮಾನ್ಯವಾಗಿ ಜಿನ್‌ನೊಳಗೇ ಇರುತ್ತದೆ. ಮಸಾಲೆ ಬೇಕಾದಷ್ಟು ಆಗಿದೆ.

ಐಸ್

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡುವುದು ಗೊತ್ತೇ ಇದೆ. ಕರಗಿ ಮತ್ತೆ ಗಟ್ಟಿಯಾದ ಐಸ್, ಫ್ರೀಜರಿನ ಮೀನಿನ ವಾಸನೆಯನ್ನೆಲ್ಲ ಹೀರಿಕೊಂಡಿರುತ್ತದೆ. ಹಳೆಯ ಐಸನ್ನು ಚೆಲ್ಲಿ, ಕಾಯಿಸಿ ಆರಿಸಿದ ನೀರನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಹೊಸದಾಗಿ ಗಟ್ಟಿಯಾಗಿಸಿ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿದ್ದರೂ ಕಾಯಿಸಲೇಬೇಕು, ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಗಡ್ಡೆಯನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ, ಕುಟ್ಟಾಣಿಯಿಂದ ನೆಲ್ಲಿಕಾಯಿ ಗಾತ್ರದ ತುಂಡುಗಳಾಗಿ ಒಡೆಯಿರಿ. ಪುಡಿ ಐಸ್ ಬೇಗ ಕರಗಿ ಪಾನೀಯವನ್ನು ನೀರಾಗಿಸುತ್ತದೆ.

ಬೆರೆಸುವುದು

ಒಂದು ಲೋಟಕ್ಕೆ ಜಿನ್ 60 ಮಿಲಿಲೀಟರ್, ಅಂದರೆ ಒಂದು ಲಾರ್ಜ್, ಕಾರ್ಡಿಯಲ್ 20, ಆಗಷ್ಟೇ ಹಿಂಡಿದ ರಸ 10. ಕಾರ್ಡಿಯಲ್‌ನಲ್ಲೇ ರಸವಿರುವಾಗ ಮತ್ತೆ ಯಾಕೆ ಎಂದರೆ, ಅದರ ಸಿಹಿಯನ್ನು ಹದಕ್ಕೆ ತರಲು. ಕಣ್ಣಳತೆ ಬೇಡ, ಔಷಧದ ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವನ್ನು ತೊಳೆದು ಬಳಸಿ.

ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸಾಕು. ಮುಕ್ಕಾಲು ಭಾಗ ಐಸ್ ತುಂಬಿ, ಮೂರನ್ನೂ ಸುರಿದು, ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಹನ್ನೆರಡು ಸೆಕೆಂಡು ಬಿರುಸಾಗಿ ಕುಲುಕಿ. ಡಬ್ಬಿಯ ಹೊರಮೈ ಮಂಜಾಗಿ ಕೈ ಕೊರೆಯಬೇಕು. ಈ ಕುಲುಕುವಿಕೆಯಲ್ಲಿ ಕರಗುವ ನೀರೂ ಪಾನೀಯದ ಒಂದು ಭಾಗವೇ, ಅದಿಲ್ಲದೆ ಜಿನ್ ಗಂಟಲು ಸುಡುತ್ತದೆ. ಜಿನ್ ಮೊದಲೇ ಕೊರೆಯುತ್ತಿದ್ದರೆ ಐಸ್ ಅಷ್ಟು ಕರಗುವುದಿಲ್ಲ, ಅದಕ್ಕೇ ಬಾಟಲಿಯನ್ನು ಫ್ರೀಜರಿನಲ್ಲಿ ಇಡಬಾರದು. ಮೊದಲೇ ತಣ್ಣಗಾಗಿಸಿಟ್ಟ ಸಣ್ಣ ಲೋಟಕ್ಕೆ ಟೀ ಜಾಲರಿಯಲ್ಲಿ ಸೋಸಿ ಸುರಿಯಿರಿ. ಲೋಟದಲ್ಲಿ ಐಸ್, ಸೋಡಾ, ಪುದೀನ ಯಾವುದೂ ಬೇಡ. ಒಂದು ಪಟ್ಟಿ ಸಿಪ್ಪೆಯನ್ನು ಮೇಲೆ ಹಿಂಡಿ ಘಮ ಬಿಡಿಸಿದರೆ ಮುಗಿಯಿತು. ಹತ್ತು ನಿಮಿಷದೊಳಗೆ, ಇನ್ನೂ ಕೊರೆಯುತ್ತಿರುವಾಗಲೇ ಕುಡಿಯಬೇಕು.

ಪಾನಕದಂತೆ ಇಳಿದರೂ ಇದರಲ್ಲಿ ಪೂರ್ತಿ ಒಂದು ಲಾರ್ಜ್ ಇದೆ. ಚಾರ್ಮಾಡಿ ಅಥವಾ ಶಿರಾಡಿ ಘಾಟಿ ಇಳಿಯಬೇಕಾದವರಿಗೆ, ಪಕ್ಕದ ತೋಟಕ್ಕೆ ಬೈಕಿನಲ್ಲಿ ಹೋಗಬೇಕಾದವರಿಗೂ ಕೊಡಲೇಬೇಡಿ. ಅವರಿಗೆ, ಕುಡಿಯದವರಿಗೆ, ಮಕ್ಕಳಿಗೆ ಅದೇ ಕಾರ್ಡಿಯಲ್ 30 ಮಿಲಿಲೀಟರ್ ಹಾಕಿ, ತಣ್ಣನೆಯ ಸೋಡಾ ತುಂಬಿ, ಚಿಟಿಕೆ ಉಪ್ಪು ಸೇರಿಸಿ. ಸೋಸಿ ಉಳಿದ ಸಿಪ್ಪೆಯನ್ನೂ ಎಸೆಯಬೇಡಿ: ತಟ್ಟೆಯಲ್ಲಿ ಹರಡಿ ಒಣಗಿಸಿದರೆ ಮಳೆಗಾಲದ ಬ್ಲ್ಯಾಕ್ ಟೀಗೆ ಒಂದೆರಡು ಚೂರು ಹಾಕಬಹುದು.