ಮರದ ಚೂರು ಹಾಸಿದ ಮೇಲೆ ಗಿಡ ಹಳದಿಯಾದರೆ: ನನ್ನ ಅನುಭವ

ಕಡಿದ ಸಿಲ್ವರ್ ಓಕ್ ಮರದ ಹಸಿ ಚೂರನ್ನು ಬದನೆ, ಮೆಣಸಿನ ಮಡಿಗೆ ಹಾಕಿದ ಮೇಲೆ ಕೆಳಗಿನ ಎಲೆಗಳು ಹಳದಿಯಾದವು, ಗಿಡ ಬೆಳೆಯಲೇ ಇಲ್ಲ. ನೀರು ಜಾಸ್ತಿ ಮಾಡಿದೆ, ಬೇವಿನ ಎಣ್ಣೆ ಹೊಡೆದೆ, ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಕೊಡುವ ಲವಣ) ಕೊಟ್ಟೆ. ಯಾವುದೂ ಕೆಲಸ ಮಾಡಲಿಲ್ಲ.

ಕೊರತೆ ಇದ್ದದ್ದು ಸಾರಜನಕದ್ದು. ಚೂರು, ಅದರಲ್ಲೂ ಪುಡಿ, ಮಣ್ಣಿನೊಳಗೆ ಬೆರೆತರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಮೇಲೆ ಸುಮ್ನೆ ಹಾಸಿದರೆ ಅಷ್ಟು ತೊಂದರೆ ಇಲ್ಲ; ನನ್ನ ಮಡಿಯಲ್ಲಿ ಪುಡಿ ಮಣ್ಣಿಗೆ ಬೆರೆತಿತ್ತು.

ಹಾಗಾಗಿ ಚೂರನ್ನೆಲ್ಲ ಎಳೆದು ತೆಗೆದು, ಜರಡಿ ಹಿಡಿದು, ಪುಡಿಯನ್ನು ಗೊಬ್ಬರದ ಗುಂಡಿಗೆ ಹಾಕಿದೆ. ಕಡಲೆಕಾಯಿ ಹಿಂಡಿ ನೆನೆಸಿದ ನೀರಿಗೆ 10 ಪಾಲು ನೀರು ಬೆರೆಸಿ ಬುಡಕ್ಕೆ ಕೊಟ್ಟು, 1 ಇಂಚು ಕಾಂಪೋಸ್ಟ್ ಹರಡಿ, ಮಣ್ಣು ಪೂರ್ತಿ ನೆನೆಯುವಂತೆ ನೀರು ಹಾಯಿಸಿದೆ. ಕೊನೆಗೆ ದಪ್ಪ ಚೂರನ್ನು ಮಾತ್ರ ಮೇಲೆ 3 ಇಂಚು ಎತ್ತರಕ್ಕೆ ಹಾಸಿದೆ. ಕಾಂಡದ ಸುತ್ತ 4 ಇಂಚು ಖಾಲಿ ಬಿಡಲೇಬೇಕು, ಇಲ್ಲದಿದ್ದರೆ ಬುಡ ಕೊಳೆಯಬಹುದು. ಹಳದಿ ಎಲೆಗಳು ಉದುರಿದವು, ಹೊಸ ಚಿಗುರು ಹಸಿರಾಗಿಯೇ ಬಂತು.